ತಿಂಗಳ ಮೀಟಿಂಗಿನ ಮೀಮಾಂಸೆ

ಕ್ಷೇತ್ರನಿರ್ಣಯ

ಯಾವ ಶಾಸ್ತ್ರಕ್ಕಾದರೂ ಮೊದಲು ಎಲ್ಲೆ ಹಾಕಬೇಕು. ಈ ಶಾಸ್ತ್ರದ ಎಲ್ಲೆ ಉತ್ತರಕ್ಕೆ ಮಾಜಾಳಿಯ ಆಚೆಗಿನ ಗೋವಾ ಗಡಿ, ದಕ್ಷಿಣಕ್ಕೆ ಗಂಗಾವಳಿ, ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಘಟ್ಟ. ಇದರೊಳಗೆ ಕಾರವಾರ, ಅಂಕೋಲಾ ಎಂಬ ಎರಡು ತಾಲೂಕು. ತಾಲೂಕುಗಳೊಳಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು, ಜನರ ಬಾಯಲ್ಲಿ ಸರಕಾರಿ ದವಾಖಾನೆಗಳು. ಅವುಗಳೊಳಗೆ ಡಾಕ್ಟರು, ಸಿಸ್ಟರು, ಫಾರ್ಮಸಿಸ್ಟು, ಲ್ಯಾಬಿನವರು, ಡಿ ಗ್ರೂಪಿನವರು. ಇವರೆಲ್ಲರ ಕೈಯಲ್ಲಿ ರಿಜಿಸ್ಟರುಗಳು. ರಿಜಿಸ್ಟರುಗಳು ತಿಂಗಳಿಗೊಮ್ಮೆ ತಾಲೂಕು ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಸಭೆ ಸೇರುತ್ತವೆ. ಅವನ್ನು ಹೊತ್ತು ತಂದವರೂ ಅಲ್ಲೇ ಕೂತಿರುತ್ತಾರೆ.

ಒಂದು ದವಾಖಾನೆ ಇನ್ನೊಂದನ್ನು ನೋಡಿ ತನ್ನ ಕೆಲಸವನ್ನು ಸುಧಾರಿಸಿಕೊಳ್ಳುವುದು ಹೇಗೆ ಎಂಬುದು ಶಾಸ್ತ್ರದ ವಿಷಯ. ಪೂರ್ವಾಚಾರ್ಯರು ಇದಕ್ಕೆ ಗುಣಮಟ್ಟ ಸುಧಾರಣೆ ಎಂದು ಹೆಸರಿಟ್ಟು, ಫೈಲಿನಲ್ಲಿ ಹಾಕಿ, ದಾರ ಕಟ್ಟಿದ್ದಾರೆ. ದಾರ ಬಿಚ್ಚುವುದಷ್ಟೇ ನಮ್ಮ ಕೆಲಸ.

ಎಲ್ಲೆಯ ವಿಷಯದಲ್ಲಿ ಒಂದು ಶಂಕೆ ಉಳಿಯುತ್ತದೆ. ಹಳ್ಳಿಗಳಿಗೆ ಇಂಥ ಕೇಂದ್ರಗಳು ಬೇಕೆಂದು 1946ರಲ್ಲಿ ಭೋರ್ ಸಮಿತಿ ಹೇಳಿತು. ಈಗಿನ ಲೆಕ್ಕದ ಪ್ರಕಾರ ಬಯಲಿನಲ್ಲಿ 30,000 ಜನಕ್ಕೊಂದು, ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು. ಹಾಗಾದರೆ ಅಂಕೋಲಾ ಬಯಲೋ ಗುಡ್ಡವೋ? ಬೇಲೆಕೇರಿಯ ದಂಡೆಯಲ್ಲಿ ನಿಂತವನಿಗೆ ಬಯಲು, ರಾಮನಗುಳಿಯಲ್ಲಿ ಬಸ್ಸಿಗೆ ಕಾದವನಿಗೆ ಗುಡ್ಡ. ಕಾರವಾರದ ಕೋಡಿಬಾಗಕ್ಕೂ ಕದ್ರಾಕ್ಕೂ ಇದೇ ಅಂತರ. ಒಂದೇ ಮೀಟಿಂಗಿನಲ್ಲಿ ಕಡಲಿನ ಕೇಂದ್ರ, ಕಾಡಿನ ಕೇಂದ್ರ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರುತ್ತವೆ. ಒಂದಕ್ಕೆ ಮೀನುಗಾರರ ಕೇರಿಯ ಬಿಪಿ, ಶುಗರಿನ ತಲೆಬಿಸಿ. ಇನ್ನೊಂದಕ್ಕೆ ಮಳೆಗಾಲದಲ್ಲಿ ಹಳ್ಳ ದಾಟಿ ಬರಬೇಕಾದ ಬಸುರಿಯ ಚಿಂತೆ. ಗೋಡೆಯ ಮೇಲಿನ ಪರದೆಯಲ್ಲಿ ಮಾತ್ರ ಎರಡೂ ಒಂದೇ ಕೋಷ್ಟಕದ ಎರಡು ಸಾಲು, ಶೇಕಡಾವಾರು ಸಮೇತ.

ಕಲಿಕೆಯ ಭೇದಗಳು

ದವಾಖಾನೆಗೆ ಕಲಿಕೆ ಬರುವ ದಾರಿ ನಾಲ್ಕು: ಸುತ್ತೋಲೆಯಿಂದ, ತಪಾಸಣೆಯಿಂದ, ಸಂಕಟದಿಂದ, ಚಹಾದಿಂದ. ವಾಟ್ಸಾಪ್ ಎಂಬ ಐದನೆಯದನ್ನು ಹೇಳುವ ನವೀನರಿದ್ದಾರೆ. ಅವರ ಮತವನ್ನು ಮುಂದೆ ನೋಡೋಣ.

ಸುತ್ತೋಲೆಯಿಂದ ಹುಟ್ಟುವ ಕಲಿಕೆಯ ಲಕ್ಷಣ ಇಷ್ಟೇ: ಅದು ಬರುತ್ತದೆ, ಅದರ ಮೇಲೆ ‘ನೋಡಿದೆ’ ಎಂದು ಸಹಿ ಬೀಳುತ್ತದೆ, ಅದು ಹೋಗುತ್ತದೆ. ಹೆಚ್ಚಿನ ಚರ್ಚೆ ಬೇಡ.

ತಪಾಸಣಾ ಪ್ರಕರಣ

ಇಲ್ಲಿ ಕೊಂಚ ನಿಲ್ಲಬೇಕು. 2015ರಲ್ಲಿ ಕೇಂದ್ರ ಸರಕಾರ ಕಾಯಕಲ್ಪ ಎಂಬ ಪ್ರಶಸ್ತಿ ಯೋಜನೆ ತಂದಿತು. ಸ್ವಚ್ಛತೆ, ಕಸ ವಿಲೇವಾರಿ, ಸೋಂಕು ತಡೆ ಮುಂತಾದವನ್ನು ನೋಡಿ ದವಾಖಾನೆಗೆ ಅಂಕ ಕೊಡುವ ಯೋಜನೆ ಅದು. ಪೂರ್ತಿ ಇದ್ದರೆ 2, ಅರೆಬರೆ ಇದ್ದರೆ 1, ಇಲ್ಲದಿದ್ದರೆ 0. ಜಿಲ್ಲೆಗೆ ಮೊದಲು ಬಂದ ಪ್ರಾಥಮಿಕ ಕೇಂದ್ರಕ್ಕೆ 2 ಲಕ್ಷ ರೂಪಾಯಿ, ಶೇಕಡಾ 70 ದಾಟಿದ ಉಳಿದವಕ್ಕೆ 50,000 ರೂಪಾಯಿಯ ಸಮಾಧಾನ. ಮೌಲ್ಯಮಾಪನಕ್ಕೆ ಮೂರು ಹಂತ. ಮೊದಲು ತನ್ನನ್ನು ತಾನೇ ಅಳೆದುಕೊಳ್ಳುವುದು. ಆಮೇಲೆ ನೆರೆಯ ಕೇಂದ್ರದವರು ಬಂದು ಅಳೆಯುವುದು. ಕೊನೆಗೆ ಹೊರಗಿನವರು.

ಈ ನಡುವಿನ ಹಂತವನ್ನು ಯೋಚಿಸಿದ ಪುಣ್ಯಾತ್ಮ ಯಾರೋ, ಅವನು ಮನುಷ್ಯರನ್ನು ಬಲ್ಲವನು. ಸ್ವಂತ ಅಂಕ ಕೊಟ್ಟುಕೊಳ್ಳುವಾಗ ಪ್ರತಿ ಕೇಂದ್ರವೂ ಜಿಲ್ಲೆಗೇ ಮೊದಲು. ಹೊರಗಿನವರು ಬಂದಾಗ ಎಲ್ಲರೂ ಹೊಸ ಏಪ್ರನ್ ಹಾಕಿಕೊಂಡ ಬೊಂಬೆಗಳು. ನೆರೆಯವರಿಗೆ ಮಾತ್ರ ಬೀರುವಿನ ಯಾವ ಬಾಗಿಲನ್ನು ತೆಗೆಯಬಾರದು ಎಂಬುದು ಗೊತ್ತು. ಅವರ ಮನೆಯಲ್ಲೂ ಅದೇ ಬೀರು, ಅದೇ ಬಾಗಿಲು.

ನೆರೆಯ ತಪಾಸಕರಲ್ಲಿ ಮೂರು ಜಾತಿ. ಅತಿಥಿ ತಪಾಸಕ ಹೆಣ್ಣು ನೋಡಲು ಬಂದ ಬೀಗರ ಹಾಗೆ. ಉಪ್ಪಿಟ್ಟು ತಿಂದು, ಅಂಗಳ ಹೊಗಳಿ, ಒಳಕೋಣೆಗೆ ಕಾಲಿಡದೆ ಎದ್ದು ಹೋಗುತ್ತಾನೆ. ಋಣಿ ತಪಾಸಕನಿಗೆ ಮುಂದಿನ ತಿಂಗಳು ಇದೇ ಜನ ತನ್ನಲ್ಲಿಗೆ ಬರುವವರೆಂಬ ನೆನಪು ಬಲವಾಗಿದ್ದು, ಸೊನ್ನೆ ಬರೆಯಲು ಹೋದ ಪೆನ್ನು ಒಂದರ ಕಡೆ ತಿರುಗುತ್ತದೆ. ಮೂರನೆಯವನು ಚೋರ ತಪಾಸಕ. ಅಂಕಪಟ್ಟಿಯನ್ನು ಮಡಿಚಿ ಜೇಬಿಗೆ ಹಾಕಿ, ಫಾರ್ಮಸಿಯ ಕಪಾಟಿನ ಮುಂದೆ ನಿಂತು ಮೊಬೈಲಿನಲ್ಲಿ ಫೋಟೊ ಹೊಡೆಯುತ್ತಾನೆ. ಬೇಗ ಅವಧಿ ಮುಗಿಯುವ ಔಷಧವನ್ನು ಎದುರಿಗೂ ಹೊಸ ಸ್ಟಾಕನ್ನು ಹಿಂದಕ್ಕೂ ಇಟ್ಟು, ಡಬ್ಬಕ್ಕೊಂದು ಕೆಂಪು ಚೀಟಿ ಅಂಟಿಸಿದ್ದು ಅವನ ಕಣ್ಣಿಗೆ ಬಿದ್ದಿದೆ. ಮುಂದಿನ ವಾರ ಅವನ ಕೇಂದ್ರದಲ್ಲೂ ಕೆಂಪು ಚೀಟಿ. ಕಳುವಾದವರಿಗೆ ನಷ್ಟವಿಲ್ಲ, ಕದ್ದವನಿಗೆ ಶಿಕ್ಷೆಯಿಲ್ಲ. ಈ ಶಾಸ್ತ್ರದಲ್ಲಿ ಚೋರನೇ ಉತ್ತಮ ಪುರುಷ. ಅವನ ಕಳವಿಗೆ ಅಂಕಪಟ್ಟಿಯಲ್ಲಿ ಒಂದು ಕಾಲಂ ಇಲ್ಲದಿರುವುದು ಯೋಜನೆಯ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ.

ತಪಾಸಣೆಗೆ ಪ್ರಮಾಣ ಬೇಕಷ್ಟೆ. ನಮ್ಮ ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣ ಹೇಳಿದರು. ರಾಷ್ಟ್ರೀಯ ಗುಣಮಟ್ಟ ಭರವಸೆಯ ಮಾನದಂಡಗಳೂ ನಾಲ್ಕನ್ನೇ ಹೇಳುತ್ತವೆ: ಕಣ್ಣಿಂದ ನೋಡುವುದು, ಸಿಬ್ಬಂದಿಯನ್ನು ಕೇಳುವುದು, ದಾಖಲೆ ಓದುವುದು, ರೋಗಿಯನ್ನು ಕೇಳುವುದು. ಮೊದಲನೆಯದು ಪ್ರತ್ಯಕ್ಷ. ಉಳಿದ ಮೂರೂ ಶಬ್ದದಲ್ಲೇ ಅಡಗುತ್ತವೆ. ಅನುಮಾನ ಪ್ರಮಾಣವನ್ನು ದೆಹಲಿಯವರು ಕೈಬಿಟ್ಟಿದ್ದು ಸರಿಯಲ್ಲ. ನಮ್ಮ ಕಡೆಯ ಹೊರರೋಗಿಗಳು ಅದನ್ನು ಇವತ್ತಿಗೂ ಬಳಸುತ್ತಾರೆ. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ. ಎಲ್ಲೆಲ್ಲಿ ಬೆಳಿಗ್ಗೆ ಒಂಬತ್ತಕ್ಕೇ ಫಿನೈಲಿನ ವಾಸನೆಯೋ ಅಲ್ಲಲ್ಲಿ ತಪಾಸಣೆ. ಬಾಗಿಲಲ್ಲಿ ಮೂಗಿಗೆ ಬಡಿದ ಕೂಡಲೇ ಅಜ್ಜಿ ಪಕ್ಕದವಳಿಗೆ ಹೇಳುತ್ತಾಳೆ: “ಇವತ್ತು ಸಾಹೇಬ್ರು ಬರೂಕಿದ್ರು ಕಾಣ್ತದೆ, ನಾಳೆ ಬಪ್ಪುವಾ.”

ಸಂಕಟ ಪ್ರಕರಣ

ರಾತ್ರಿ ಎರಡು ಗಂಟೆಗೆ ಹೆರಿಗೆಯಾಗಿದೆ. ಮಗು ಅತ್ತಿದೆ. ತಾಯಿಗೆ ಆಕ್ಸಿಟೋಸಿನ್ ಚುಚ್ಚಿಯಾಗಿದೆ. ರಕ್ತ ಮಾತ್ರ ನಿಲ್ಲುತ್ತಿಲ್ಲ. ಆಗ ಸಿಸ್ಟರ್ ಫೋನ್ ಮಾಡುವುದು ಯಾರಿಗೆ? ಸುತ್ತೋಲೆ ಕಳಿಸಿದವರಿಗಲ್ಲ. ತನ್ನ ಜೊತೆಗೆ ಟ್ರೇನಿಂಗಿನಲ್ಲಿ ಕೂತಿದ್ದ, ಈಗ ಇಪ್ಪತ್ತು ಮೈಲಿಯಾಚೆ ಕೆಲಸ ಮಾಡುವ ಇನ್ನೊಬ್ಬ ಸಿಸ್ಟರಿಗೆ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗಿದೆಯಾ ನೋಡು ಎನ್ನುವ ಮಾತು, 108ಕ್ಕೆ ಹೇಳಿದೆಯಾ ಎನ್ನುವ ಪ್ರಶ್ನೆ, ಆ ಆಸ್ಪತ್ರೆಯಲ್ಲಿ ಇವತ್ತು ರಾತ್ರಿ ಅರಿವಳಿಕೆಯವರು ಇಲ್ಲ, ಇನ್ನೊಂದಕ್ಕೇ ಸೀದಾ ಕಳಿಸು ಎನ್ನುವ ಗುಟ್ಟು, ಎಲ್ಲ ಆ ಕರೆಯಲ್ಲೇ ದಾಟುತ್ತವೆ. ಯಾವ ಪುಸ್ತಕದಲ್ಲೂ ಇಲ್ಲದ ವಿದ್ಯೆ ಈ ಕೊನೆಯದು.

ಈ ಸೀಮೆಯಲ್ಲಿ ರೋಗಿಯನ್ನು ಎಲ್ಲಿಗೆ ಕಳಿಸುವುದೆಂಬುದೇ ಅರ್ಧ ವೈದ್ಯ. ಕಾರವಾರದಲ್ಲಿ 2016ರಿಂದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಅದಾಗಿಯೂ ಗಂಭೀರ ರೋಗಿಯ ಮನೆಯವರು ಉತ್ತರಕ್ಕೆ ಗೋವಾದ ಬಾಂಬೋಲಿಯನ್ನೋ, ದಕ್ಷಿಣಕ್ಕೆ ಮಣಿಪಾಲವನ್ನೋ, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯನ್ನೋ ಕೇಳುತ್ತಾರೆ. ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಎಷ್ಟೋ ವರ್ಷಗಳಿಂದ ಇದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗ ದಕ್ಷಿಣದ ದಾರಿಯೇ ಮುಚ್ಚಿತು. ಮೂರು ವಾರ ಕಳೆದು ಆಗಸ್ಟ್ 6–7ರ ನಡುರಾತ್ರಿ ಕಾರವಾರದ ಹಳೆಯ ಕಾಳಿ ಸೇತುವೆ ನದಿಗೆ ಬಿದ್ದು, ಗೋವಾ ಕಡೆಯ ದಾರಿಯೂ ತಡವರಿಸಿತು. ಶಿರೂರಿನಲ್ಲಿ ಹೋದ ಜೀವಗಳ ಮುಂದೆ ವರ್ಗೀಕರಣಕ್ಕೆ ಬಾಯಿಲ್ಲ. ಶಾಸ್ತ್ರಕಾರ ಇಲ್ಲಿ ಪೆನ್ನು ಕೆಳಗಿಡುತ್ತಾನೆ. ಯಾವ ದಾರಿ ತೆರೆದಿದೆ, ಯಾವ ಆಂಬುಲೆನ್ಸ್ ಯಾವ ದಂಡೆಯಲ್ಲಿದೆ ಎಂಬುದು ಅಂಥ ದಿನಗಳಲ್ಲಿ ಒಬ್ಬ ಸಿಬ್ಬಂದಿಯಿಂದ ಇನ್ನೊಬ್ಬರಿಗೆ ಬಾಯಿಂದ ಬಾಯಿಗೆ ದಾಟುವ ಸಂಗತಿ ಎಂಬುದನ್ನು ಮಾತ್ರ ದಾಖಲಿಸಿ ಮುಂದೆ ಹೋಗುತ್ತೇನೆ.

ಚಹಾ ಪ್ರಕರಣ

ಮೀಟಿಂಗಿಗೆ ಎರಡು ಭಾಗ, ಚಹಾಕ್ಕೆ ಮುಂಚಿನದು ಮತ್ತು ನಂತರದ್ದು. ಕಲಿಕೆ ನಡೆಯುವುದು ಎರಡರ ನಡುವೆ, ಮೆಟ್ಟಿಲ ಮೇಲೆ, ಪೇಪರ್ ಲೋಟ ಹಿಡಿದು.

ಮುಂಚಿನ ಭಾಗದಲ್ಲಿ ಪರದೆಯ ಮೇಲೆ ಕೋಷ್ಟಕ ಬರುತ್ತದೆ. ಎಲ್ಲಕ್ಕಿಂತ ಕೆಳಗಿರುವ ಕೇಂದ್ರದವರು ಎದ್ದು ನಿಲ್ಲಬೇಕು. “ಯಾಕೆ ಕಡಿಮೆ?” ಎಂಬುದು ಪ್ರಶ್ನೆ. ಉತ್ತರಗಳು ಶಾಸ್ತ್ರಸಿದ್ಧ: ನೆಟ್‌ವರ್ಕ್ ಇರಲಿಲ್ಲ, ಪೋರ್ಟಲ್ ತೆರೆಯಲಿಲ್ಲ, ಹುದ್ದೆ ಖಾಲಿ, ಆಶಾ ಕಾರ್ಯಕರ್ತೆಯರ ಮುಷ್ಕರ, ಜನ ಸುಗ್ಗಿಗೆ ಹೋಗಿದ್ದಾರೆ, ಜನ ಮದುವೆಗೆ ಹೋಗಿದ್ದಾರೆ, ಜನ ಬರುವುದಿಲ್ಲ. ಇವುಗಳಲ್ಲಿ ಅರ್ಧ ಸತ್ಯ. ಯಾವ ಅರ್ಧ ಎಂದು ಕೇಳುವ ಪದ್ಧತಿ ಇಲ್ಲ. ನಿಂತವರು ಕೂರುತ್ತಾರೆ. ಮುಂದಿನ ತಿಂಗಳು ತಾವು ಕೊನೆಯಲ್ಲಿ ಬರದಂತೆ ಏನು ಮಾಡಬೇಕೆಂದು ಅವರಿಗೂ, ಸುಮ್ಮನೆ ಕೂತಿದ್ದ ಉಳಿದವರಿಗೂ ಹೊಳೆದಿರುತ್ತದೆ. ಅದು ಲಸಿಕೆ ಹೆಚ್ಚು ಹಾಕುವ ಉಪಾಯವೇ ಆಗಿರಬೇಕೆಂದೇನೂ ಇಲ್ಲ.

ಆಮೇಲೆ ಚಹಾ ಬರುತ್ತದೆ. ಹೊಸದಾಗಿ ಸೇರಿದ ಸಿಸ್ಟರ್ ಹಳಬರ ಹತ್ತಿರ ಸರಿಯುತ್ತಾಳೆ.

“ಅಕ್ಕಾ, ಮಳೆಗಾಲ್ದಲ್ಲಿ ದಿನಗಟ್ಲೆ ಕರೆಂಟ್ ಇಲ್ದಿದ್ರೆ ಐಎಲ್ಆರ್‌ಗೆ ಎಂತಾ ಮಾಡ್ತ್ರಿ?”

“ಮೊದ್ಲು ಮುಚ್ಚಳ ತೆಗೂದು ಬಿಡು ಮಾರಾಯ್ತಿ. ತಣ್ಣಗಿದ್ಯಾ ಅಂತ ಹತ್ತು ಸಲ ತೆಗ್ದು ತೆಗ್ದು ನೋಡ್ದೇಂದ್ರೆ ಇದ್ದ ತಂಪೂ ಹೋಗ್ತದೆ.”

ಲಸಿಕೆಯ ಆ ಪೆಟ್ಟಿಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ದಿನಕ್ಕೆರಡು ಸಲ ಬರೆದಿಡಬೇಕು ಎಂಬುದು ಇಬ್ಬರಿಗೂ ಬಾಯಿಪಾಠ. ಬಾಯಿಪಾಠದಲ್ಲಿ ಇಲ್ಲದ್ದು ಮುಂದಿನ ಮಾತಿನಲ್ಲಿದೆ. ಗುರುವಾರ ಲಸಿಕೆಯ ದಿನ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಹಾಗೆಯೇ ಕ್ಯಾರಿಯರಿಗೆ ತುಂಬಿದರೆ ಕೆಲವು ಲಸಿಕೆ ಹೆಪ್ಪುಗಟ್ಟಿ ಸತ್ವ ಕಳೆದುಕೊಳ್ಳುತ್ತವೆ. ಬಿಸಿಲಿಗೆ ಹೆದರಿ ತಂಪಿಟ್ಟವರು ತಂಪಿನಿಂದಲೇ ಕೆಡಿಸಿದ ಹಾಗಾಗುತ್ತದೆ. ಪ್ಯಾಕನ್ನು ಹೊರಗಿಟ್ಟು ಕಾಯಬೇಕು. ಎಷ್ಟು ಹೊತ್ತು? ಹಳಬರು ಗಡಿಯಾರ ನೋಡುವುದಿಲ್ಲ. ಪ್ಯಾಕಿನ ಮೈಮೇಲೆ ಹನಿ ಮೂಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರಿನ ಸಪ್ಪಳ ಬರಬೇಕು. ಅದು ಬಂದ ಮೇಲೆ ತುಂಬು ಎನ್ನುತ್ತಾಳೆ ಅಕ್ಕ, ಖಾಲಿ ಲೋಟವನ್ನು ಕಿವಿಯ ಬಳಿ ಅಲ್ಲಾಡಿಸಿ ತೋರಿಸುತ್ತ. ಇದು ಕೈಪಿಡಿಯಲ್ಲೂ ಅಚ್ಚಾಗಿದೆ. ಕೈಪಿಡಿಯನ್ನು ಯಾರೂ ಕಿವಿಯ ಹತ್ತಿರ ಹಿಡಿಯುವುದಿಲ್ಲ.

ಇವರಿಬ್ಬರಲ್ಲಿ ಯಾರಿಗೂ ಈ ಸಂಭಾಷಣೆಗೆ ಅಂಕ ಸಿಗಲಿಲ್ಲ. ಚಹಾದ ನಂತರದ ಭಾಗದಲ್ಲಿ ಯಾರೂ ಇದನ್ನು ಎತ್ತಲೂ ಇಲ್ಲ. ಹೊಸಬಳು ತನಗೆ ಗೊತ್ತಿಲ್ಲವೆಂದು ಹೇಳಿಕೊಂಡಿದ್ದು ಮೆಟ್ಟಿಲ ಮೇಲೆ. ಒಳಗೆ, ಪರದೆಯ ಮುಂದೆ, ಅವಳಿಗೆ ಎಲ್ಲವೂ ಗೊತ್ತಿರುತ್ತದೆ.

ವಾಟ್ಸಾಪ್ ಮತ ಖಂಡನೆ

ಬೆಳಿಗ್ಗೆ ಹೂವಿನ ಚಿತ್ರ, ಮಧ್ಯಾಹ್ನ ‘ತುರ್ತು, ಇವತ್ತೇ ಕಳಿಸಿ’, ಸಂಜೆ ಇಪ್ಪತ್ತು ಹೆಬ್ಬೆಟ್ಟು. ಖಂಡಿಸಲು ಏನೂ ಉಳಿದಿಲ್ಲ.

ಶೂನ್ಯಾಂತ್ಯ ಪ್ರಕರಣ

ಇನ್ನು ಶಾಸ್ತ್ರದ ಹೃದಯಕ್ಕೆ ಬರೋಣ. ನಾಡಿನ ಯಾವ ದವಾಖಾನೆಯ ಬಿಪಿ ರಿಜಿಸ್ಟರನ್ನಾದರೂ ತೆರೆಯಿರಿ. 120/80, 130/80, 140/90, 150/90. ಎಲ್ಲ ಸೊನ್ನೆಯಲ್ಲಿ ಮುಗಿಯುವ ಸಂಖ್ಯೆಗಳು. ಇದು ಕರಾವಳಿಯ ಜನರ ರಕ್ತದ ವಿಶೇಷವಲ್ಲ. ಲೋಕದ ಎಲ್ಲೆಡೆ ವೈದ್ಯರು ಹೀಗೆ ಬರೆಯುತ್ತಾರೆಂದು ಸಂಶೋಧಕರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ.

ಲೆಕ್ಕ ನೋಡಿ. ಪಾದರಸದ ಯಂತ್ರದ ಗೀರುಗಳು ಎರಡೆರಡು ಮಿಲಿಮೀಟರಿಗೊಂದು. ಆದ್ದರಿಂದ ಅದರಲ್ಲಿ ಕೊನೆಯ ಅಂಕಿ 0, 2, 4, 6, 8 ಇವುಗಳಲ್ಲಿ ಒಂದೇ ಆಗಬೇಕು. ಪ್ರಾಮಾಣಿಕವಾಗಿ ನೋಡಿದರೆ ಸೊನ್ನೆ ಸುಮಾರು ಐದರಲ್ಲಿ ಒಂದು ಸಲ ಬರುತ್ತದೆ. ಡಿಜಿಟಲ್ ಯಂತ್ರವಾದರೆ ಹತ್ತರಲ್ಲಿ ಒಂದು ಸಲ. ಪುಟದ ತುಂಬ ಸೊನ್ನೆ ಇದ್ದರೆ ಬರೆದವರು ಯಂತ್ರ ನೋಡಿ ಅಂದಾಜು ಹಾಕಿದ್ದಾರೆ, ಇಲ್ಲವೇ ಅಂದಾಜು ಹಾಕಿ ಯಂತ್ರ ನೋಡಿದ್ದಾರೆ.

ಶೂನ್ಯಾಂತ್ಯಗಳನ್ನು ಹೀಗೆ ವಿಂಗಡಿಸಬಹುದು. ದಣಿವಿನ ಸೊನ್ನೆ: ನೂರು ಜನರ ಸಾಲು, ಒಬ್ಬರೇ ಸಿಸ್ಟರ್. ದಯೆಯ ಸೊನ್ನೆ: 146 ಎಂದು ಹೇಳಿದರೆ ಅಜ್ಜಿ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ಪರಂಪರೆಯ ಸೊನ್ನೆ: ಹೋದ ತಿಂಗಳೂ ಇವರಿಗೆ 130/80 ಇತ್ತು. ಇವುಗಳಲ್ಲಿ ದಯೆಯದ್ದೇ ಹೆಚ್ಚು ಅಪಾಯಕಾರಿ. ಗಡಿಗಲ್ಲು ನೆಟ್ಟಿರುವುದು ಸರಿಯಾಗಿ 140/90ರಲ್ಲಿ. ಅದರ ಕೆಳಗಿದ್ದರೆ ಬಿಪಿ ಹತೋಟಿಯಲ್ಲಿದೆ, ಮುಟ್ಟಿದರೆ ಇಲ್ಲ. 138 ಇದ್ದವರು 140 ಆದರೆ ಬೇಡದ ಮಾತ್ರೆ ಬರುತ್ತದೆ. 142 ಇದ್ದವರು 130 ಆದರೆ ಬೇಕಾದ ಮಾತ್ರೆ ತಪ್ಪುತ್ತದೆ, ವರದಿಯಲ್ಲಿ ಮಾತ್ರ ‘ಹತೋಟಿಯಲ್ಲಿ’ ಎಂಬ ಕಾಲಂ ತುಂಬುತ್ತದೆ. ಕೆಲವು ವರ್ಷ ಕಳೆದು ಅವರ ಹೆಸರು ಲಕ್ವದ ವಾರ್ಡಿನ ರಿಜಿಸ್ಟರಿನಲ್ಲಿ ಸಿಗಬಹುದು.

2017ರ ಕೊನೆಯಲ್ಲಿ ಶುರುವಾದ ಭಾರತ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮ ಡಿಜಿಟಲ್ ಯಂತ್ರಕ್ಕೂ, ಒಂದೇ ಬಗೆಯ ಸರಳ ಚಿಕಿತ್ಸಾ ಕ್ರಮಕ್ಕೂ ಒತ್ತು ಕೊಟ್ಟಿತು. ಯಂತ್ರ ಬಂದರೂ ಕುರ್ಚಿಯ ಪ್ರಶ್ನೆ ಉಳಿಯಿತು. ಬಿಪಿ ನೋಡುವ ಮುಂಚೆ ರೋಗಿ ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ. ಮೀನಿನ ಬುಟ್ಟಿ ಇಳಿಸಿ, ಏರು ಹತ್ತಿ, ಚೀಟಿಯ ಸಾಲಿನಲ್ಲಿ ತಳ್ಳಾಡಿ ಒಳಬಂದ ಹೆಂಗಸಿನ ತೋಳಿಗೆ ನಿಂತಲ್ಲೇ ಪಟ್ಟಿ ಸುತ್ತಿದರೆ ಯಂತ್ರ ಅಳೆಯುವುದು ಏರನ್ನು.

ಸಹಕಲಿಕೆಗೆ ಇದಕ್ಕಿಂತ ಒಳ್ಳೆಯ ವಸ್ತು ಬೇರೆ ಸಿಗಲಿಕ್ಕಿಲ್ಲ. ಹಣ ಬೇಡ, ಹುದ್ದೆ ಬೇಡ, ಮಂಜೂರಾತಿ ಬೇಡ. ಪ್ರತಿ ಕೇಂದ್ರವೂ ರೋಗಿಯ ಹೆಸರು ಮುಚ್ಚಿ ತನ್ನ ರಿಜಿಸ್ಟರಿನ ಒಂದು ಪುಟ ತರಲಿ. ಪುಟಗಳನ್ನು ಅದಲುಬದಲು ಮಾಡಿ ಒಬ್ಬರದನ್ನು ಇನ್ನೊಬ್ಬರು ಓದಿ ಸೊನ್ನೆ ಎಣಿಸಲಿ. ಎಲ್ಲರಲ್ಲೂ ಸೊನ್ನೆ ತುಂಬಿದೆ ಎಂದು ಗೊತ್ತಾದ ಕೂಡಲೇ ಯಾರೂ ಎದ್ದು ನಿಲ್ಲುವ ಅಗತ್ಯ ಇರುವುದಿಲ್ಲ. ಆಮೇಲೆ ಒಂದು ಕೇಂದ್ರದವರು ಬಾಗಿಲ ಹೊರಗೆ ಎರಡು ಕುರ್ಚಿ ಹಾಕಿ, ಒಂದು ದಿನ, ಒಂದು ಹೊತ್ತು, ಐದು ನಿಮಿಷದ ನಿಯಮ ನಡೆಸಿ ನೋಡಲಿ. ಸಾಲು ಉದ್ದವಾಯಿತೇ? ಜಗಳವಾಯಿತೇ? ಸೊನ್ನೆ ಕಡಿಮೆಯಾಯಿತೇ? ಮುಂದಿನ ತಿಂಗಳು ಬಂದು ಹೇಳಲಿ. ಕುರ್ಚಿಯ ಬದಲು ಬೆಂಚು ಸರಿಹೋಗುತ್ತದೆಂದು ಕಡಲ ಕೇಂದ್ರದವರು ಕಂಡುಕೊಂಡರೆ ಕಾಡಿನ ಕೇಂದ್ರದವರು ಅದನ್ನು ಕದಿಯಲಿ.

ಗುರುಪರಂಪರೆ

ಹೀಗೆ ಸಣ್ಣದಾಗಿ ಮಾಡಿ, ನೋಡಿ, ತಿದ್ದಿ, ಮತ್ತೆ ಮಾಡುವ ವಿದ್ಯೆಗೆ ಒಂದು ವಂಶಾವಳಿ ಇದೆ. 1924ರ ಸುಮಾರಿಗೆ ಅಮೆರಿಕದ ಟೆಲಿಫೋನ್ ಉಪಕರಣಗಳ ಕಾರ್ಖಾನೆಗಾಗಿ ವಾಲ್ಟರ್ ಶೂಹಾರ್ಟ್ ಇದರ ಬೀಜ ಹಾಕಿದ. ಎಡ್ವರ್ಡ್ಸ್ ಡೆಮಿಂಗ್ ಅದನ್ನು 1950ರಲ್ಲಿ ಜಪಾನಿಗೆ ಒಯ್ದ. ಡೊನಾಲ್ಡ್ ಬರ್ವಿಕ್ ಎಂಬ ಮಕ್ಕಳ ವೈದ್ಯ ಅದನ್ನು ಆಸ್ಪತ್ರೆಯೊಳಗೆ ತಂದ. ಅವನು ಕಟ್ಟಿದ ಸಂಸ್ಥೆ 1995ರಲ್ಲಿ ಹಲವು ದವಾಖಾನೆಗಳು ಒಟ್ಟಿಗೆ ಕಲಿಯುವ ಕ್ರಮವೊಂದನ್ನು ಶುರುಮಾಡಿತು. ಒಂದು ಸಭೆ, ಊರಿಗೆ ಮರಳಿ ಕೆಲವು ತಿಂಗಳ ಪ್ರಯೋಗ, ಮತ್ತೆ ಸಭೆ, ಮತ್ತೆ ಪ್ರಯೋಗ, ಕೊನೆಗೊಂದು ಸಭೆ. ಮುಖ್ಯ ಭಾಗ ಸಭೆಯಲ್ಲ, ನಡುವಿನ ಪ್ರಯೋಗ.

ನಮ್ಮಲ್ಲಿ ಸಭೆಗೆ ಬರವಿಲ್ಲ. ನಡುವಿನ ತಿಂಗಳಿಗೂ ಬರವಿಲ್ಲ. ಆ ತಿಂಗಳಲ್ಲಿ ಏನು ಮಾಡಿ ನೋಡಿದಿರಿ ಎಂದು ಕೇಳುವವರಿಗೆ ಬರ. ಕೇಳುವುದು ಎಷ್ಟಾಯಿತು ಎಂದು.

ಹೊರಗಿನ ಉದಾಹರಣೆಯೇ ಬೇಕೆಂದಿಲ್ಲ. 2012–13ರಲ್ಲಿ ಸುಕ್ಷೇಮ ಯೋಜನೆಯಡಿ ಬಳ್ಳಾರಿ, ಕಲಬುರ್ಗಿ ಜಿಲ್ಲೆಗಳ 108 ಪ್ರಾಥಮಿಕ ಕೇಂದ್ರಗಳನ್ನು ಆಯ್ದು, ಅರ್ಧಕ್ಕೆ, ಅಂದರೆ 54ಕ್ಕೆ, ಅನುಭವಿ ನರ್ಸುಗಳನ್ನು ಮಾರ್ಗದರ್ಶಕರಾಗಿ ಕಳಿಸಿದರು. ಅವರು ಹೆರಿಗೆ ಕೋಣೆಯಲ್ಲೇ ನಿಂತು, ಕೇಸ್‌ಶೀಟು ಬಿಡಿಸಿ, ಜೊತೆಗೂಡಿ ನೋಡಿದರು. ಉಳಿದ 54ಕ್ಕೆ ಹೋಲಿಸಿದರೆ ಆ ಕೇಂದ್ರಗಳ ನರ್ಸುಗಳ ತಿಳಿವಳಿಕೆಯೂ, ತೊಡಕಿನ ಹೆರಿಗೆಗೆ ಬೇಕಾದ ಔಷಧ ಉಪಕರಣಗಳ ಸಜ್ಜೂ ಚೆನ್ನಾಗಿತ್ತೆಂದು ಅಧ್ಯಯನ ಹೇಳಿತು. ನರ್ಸಿಗೆ ನರ್ಸೇ ಗುರು ಎಂಬುದು ಇಲ್ಲಿಯ ವಿಶೇಷ. ಮೇಲಿನವರು ಬಂದಾಗ ಬೀಗ ಬೀಳುವ ಬೀರು ಸಮಾನರು ಬಂದಾಗ ತೆರೆಯುತ್ತದೆ.

ವಿಧಿವಾಕ್ಯ

ಶಾಸ್ತ್ರವೆಂದ ಮೇಲೆ ಒಂದಾದರೂ ವಿಧಿ ಬೇಕು. ಕಾರವಾರದ ಸಿಸ್ಟರೊಬ್ಬರು ತಿಂಗಳಲ್ಲಿ ಒಂದು ದಿನ ಅಂಕೋಲಾದ ಕೇಂದ್ರದಲ್ಲಿ ಕೂರಲಿ, ಅಂಕೋಲಾದವರು ಕಾರವಾರದಲ್ಲಿ. ಕೈಯಲ್ಲಿ ಅಂಕಪಟ್ಟಿ ಬೇಡ. ಬರುವಾಗ ಒಂದನ್ನಾದರೂ ಕದ್ದು ತರಬೇಕೆಂಬುದು ಒಂದೇ ಷರತ್ತು.

ಪೂರ್ವಪಕ್ಷ: ಇದಕ್ಕೆ ಅನುದಾನದ ಶೀರ್ಷಿಕೆ ಯಾವುದು? ಟಿ.ಎ. ಯಾರು ಕೊಡುತ್ತಾರೆ?

ಸಮಾಧಾನ: ಎರಡೂ ಪೇಟೆಗಳ ನಡುವೆ ಇರುವುದು ಮೂವತ್ತೈದು ಕಿಲೋಮೀಟರಿನ ಆಸುಪಾಸು, ಸರಕಾರಿ ಬಸ್ಸಿನಲ್ಲಿ ಸುಮಾರು ಒಂದು ತಾಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆದ್ದರಿಂದ ಸಿಸ್ಟರುಗಳ ಮಟ್ಟಿಗೆ ಆಕ್ಷೇಪ ನಿಲ್ಲುವುದಿಲ್ಲ. ಗಂಡಸು ಡಾಕ್ಟರರಿಗೆ ಮಾತ್ರ ನಿಲ್ಲುತ್ತದೆ. ಅವರ ಟಿ.ಎ. ಬಿಲ್ಲು ಎಷ್ಟು ವಿಧ, ಯಾವ ಮೇಜಿನಲ್ಲಿ ಎಷ್ಟು ಕಾಲ ತಂಗುತ್ತದೆ, ಯಾವ ಆಕ್ಷೇಪಣೆಯೊಂದಿಗೆ ಮರಳಿ ಹುಟ್ಟುತ್ತದೆ ಎಂಬುದು ಬೇರೆಯದೇ ಗ್ರಂಥದ ವಿಷಯ. ಅದಕ್ಕೆ ಈ ಶಾಸ್ತ್ರಕಾರನ ಆಯುಷ್ಯ ಸಾಲದು.